ಎದೆಕೋಟೆಗೆ ಬಡಿದ ಸಿಡಿಲು

ಬಹಳ ಹಿಂದೆ, ಏಳು ಬೆಟ್ಟಗಳಾಚೆಯ ರಾಜ್ಯವೊಂದರಲ್ಲಿ ಬೊಮ್ಮರಸನೆಂಬ ಎಳೆಯ ರಾಜನಿದ್ದ. ಸಿಂಹಾಸನ ಕೇಳಿ, ಅದು ಸಿಗದೆ ಸಿಟ್ಟಾದ ಗದ್ದಲಾಸುರನೆಂಬ ಮಾಂತ್ರಿಕ ಒಂದು ಬೆಳಿಗ್ಗೆ ಅವನ ಎದೆಯೊಳಗೆ ನುಗ್ಗಿದ. ರಾಜ ತುಂಬಿದ ಸಭೆಯಲ್ಲೇ ಕುಸಿದುಬಿದ್ದ.

"ವಿಧಿಬರಹ," ಎಂದ ಆಸ್ಥಾನದ ವೈದ್ಯ, ಶಾಲು ಸರಿಮಾಡಿಕೊಳ್ಳುತ್ತ.

"ಬಾಯಿ ಮುಚ್ಚಿ ಪಂಡಿತರೇ!" ಎಂದಳು ರಾಜನ ಅಕ್ಕ ದೇಮಲೆ. "ನನ್ನ ತಮ್ಮನ ಮೈ ಇನ್ನೂ ಬಿಸಿಯಾಗಿದೆ. ನಿಮ್ಮ ವಿಧಿಗೆ ಅಷ್ಟು ಅವಸರವೇ?"

ಸಿಟ್ಟು ಅವಳನ್ನು ಬಿಗಿದು ಬಿಗಿದು ಸಾಸಿವೆಕಾಳಿನಷ್ಟು ಮಾಡಿತು. ತಮ್ಮನ ಕೊನೆಯ ಉಸಿರು ಹಿಡಿದು ಅವಳು ಅವನ ಎದೆಕೋಟೆಗೆ ಇಳಿದಳು.

ಕೋಟೆಯಲ್ಲಿ ಮೇಲೆ ಎರಡು ಕೋಣೆ, ಕೆಳಗೆ ಎರಡು. ಮೇಲಿನ ಬಲಗೋಣೆಯ ಮೂಲೆಯಲ್ಲಿ, ಪ್ರತಿ ಬಡಿತಕ್ಕೂ ಕಿಡಿ ಹಚ್ಚುವ ಕಿಡಿಯಜ್ಜಿ ಕೂತಿದ್ದಳು.

"ಅಜ್ಜೀ, ನನ್ನ ತಮ್ಮನ ಎದೆ ಏಕೆ ಬಡಿಯುತ್ತಿಲ್ಲ? ನಿದ್ದೆ ಹೋಗಿದ್ದೀಯಾ?"

"ಕಿಡಿ ಹಚ್ಚುತ್ತಲೇ ಇದ್ದೇನೆ ಮಗಳೇ. ಕೆಳಗಿನವರು ಕೇಳುತ್ತಿಲ್ಲ."

ನಡುಬಾಗಿಲಲ್ಲಿ ದ್ವಾರಪಾಲಕ ಅಜ್ಜಿಯ ಕಿಡಿಯನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದ.

"ಸೋಮಾರಿ! ಅದನ್ನು ತಡೆದು ನನ್ನ ತಮ್ಮನನ್ನು ಕೊಲ್ಲುತ್ತೀಯಾ?"

"ತುಸು ತಡೆಯುವುದೇ ನನ್ನ ಕೆಲಸ ತಾಯಿ. ಮೇಲಿನ ಕೋಣೆಗಳ ರಕ್ತ ಕೆಳಗಿಳಿಯುವಷ್ಟು ಹೊತ್ತು ಕಿಡಿ ಇಲ್ಲಿ ನಿಲ್ಲಬೇಕು. ಬೇಗ ಬಿಟ್ಟರೆ ಕೆಳಗೋಣೆಗಳು ಸರಿಯಾಗಿ ತುಂಬದೆಯೇ ಹಿಂಡಿಕೊಳ್ಳುತ್ತವೆ. ತಪ್ಪು ನನ್ನದಲ್ಲ, ಕೆಳಗಿನ ಭಟರದು."

ಕೆಳಗೆ ಲೆಕ್ಕವಿಲ್ಲದಷ್ಟು ಸ್ನಾಯುಭಟರು. ಅವರ ನಡುವೆ ಗದ್ದಲಾಸುರ ಕುಣಿಯುತ್ತ ಕೂಗುತ್ತಿದ್ದ: "ಆ ಮುದುಕಿಯ ಮಾತೇಕೆ? ನಿನ್ನ ಕಿಡಿ ನೀನೇ ಹಚ್ಚು! ನೀನೇ ಅರಸ!" ಒಬ್ಬೊಬ್ಬ ಭಟನೂ ತೋಚಿದಾಗ ಕಿಡಿ ಹಚ್ಚಿ ತೋಚಿದಾಗ ಕೋಣೆಯ ಗೋಡೆ ಎಳೆಯುತ್ತಿದ್ದ. ಕೋಣೆ ನಡುಗುತ್ತಿತ್ತು, ಹಿಂಡುತ್ತಿರಲಿಲ್ಲ. ರಕ್ತ ಹೊರಗೆ ಹರಿಯುತ್ತಿರಲಿಲ್ಲ.

ದೇಮಲೆ ಬೇಡಿದಳು, ಭಟರು ಕೇಳಲಿಲ್ಲ. ಬೈದಳು, ಕೇಳಲಿಲ್ಲ.

"ಸಿಡಿಲೊಂದೇ ಇವರ ಬಾಯಿ ಮುಚ್ಚಿಸೀತು," ಎಂದ ದ್ವಾರಪಾಲಕ. "ಆದರೆ ಅಜ್ಜಿಯ ಕಿಡಿಯೂ ಆರುತ್ತದೆ. ಮತ್ತೆ ಹೊತ್ತುತ್ತದೋ ಇಲ್ಲವೋ, ಯಾರು ಬಲ್ಲರು?"

"ಸಿಡಿಲನ್ನು ಕರೆ ಮಗಳೇ!" ಅಜ್ಜಿ ಮೇಲಿನಿಂದ ಕೂಗಿದಳು. "ತಡಮಾಡಿದರೆ ಅವನು ಉಳಿಯುವುದಿಲ್ಲ."

ದೇಮಲೆ ತಲೆಯೆತ್ತಿ ಆಕಾಶವನ್ನು ಬೈದಳು. "ಮರಕ್ಕೆ ಬಡಿಯುತ್ತೀಯ, ಗೋಪುರಕ್ಕೆ ಬಡಿಯುತ್ತೀಯ, ದನ ಕಾಯುವವರಿಗೆ ಬಡಿಯುತ್ತೀಯ! ಕೆಚ್ಚಿದ್ದರೆ ಇಲ್ಲಿ ಬಡಿ! ನನ್ನನ್ನೂ ಸೇರಿಸಿ ಬಡಿ!"

ಸಿಡಿಲು ಬಡಿಯಿತು.

ಎಲ್ಲ ಕಿಡಿಗಳೂ ಒಟ್ಟಿಗೆ ಆರಿದವು. ಗದ್ದಲಾಸುರನ ಮೈ ಗದ್ದಲದಿಂದಲೇ ಆದದ್ದು. ಆ ಮೌನದಲ್ಲಿ ಅವನು ಉಪ್ಪಿನಂತೆ ಕರಗಿಹೋದ. ಭಟರು ತೆಪ್ಪಗಾದರು. ಅಜ್ಜಿಯ ಮೂಲೆಯೂ ಕತ್ತಲಾಗಿತ್ತು.

"ಏಳು," ಎಂದಳು ದೇಮಲೆ, ಹಲ್ಲು ಕಚ್ಚಿ. "ಏಳು ಮುದುಕೀ!"

ಕತ್ತಲಲ್ಲಿ ಒಂದು ಕಿಡಿ ಹೊತ್ತಿತು. ಮೇಲಿನ ಕೋಣೆಗಳು ಹಿಂಡಿದವು. ದ್ವಾರಪಾಲಕ ಕಿಡಿಯನ್ನು ತಡೆದ. ಈ ಸಲ ದೇಮಲೆ ಬೈಯಲಿಲ್ಲ, ಕಾದಳು. ಅವನು ಬಿಟ್ಟ. ಭಟರೆಲ್ಲ ಒಟ್ಟಿಗೆ ಎಳೆದರು, ರಕ್ತ ಹೊರಗೆ ಹರಿಯಿತು.

ರಾಜ ಕಣ್ಣು ತೆರೆದಾಗ ದೇಮಲೆ ಹೊರಬಂದು, ಮೊದಲಿನ ಎತ್ತರಕ್ಕೆ ಬೆಳೆದು ಪಕ್ಕದಲ್ಲಿ ಕೂತಿದ್ದಳು.

"ಎದೆಯೆಲ್ಲ ಉರಿ, ಅಕ್ಕಾ."

"ಉರಿಯಲಿ ಬಿಡು," ಎಂದು ಅವಳು ಜೋರಾಗಿ ಅತ್ತುಬಿಟ್ಟಳು.

ಬೊಮ್ಮರಸ ತಲೆ ನರೆಯುವ ತನಕ ಆಳಿದ. ಅಕ್ಕತಮ್ಮ ಒಟ್ಟಿಗೆ ಉಂಡರು, ಒಟ್ಟಿಗೆ ಜಗಳವಾಡಿದರು, ರಾಜ್ಯವೆಲ್ಲ ಸುಖವಾಗಿತ್ತು.