ಲಿಂಟಲ್ ಹಂತದ ಫೋಟೊ

ಗೋಪೀನಾಥ್ ಸಾರ್ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಫಲಾನುಭವಿಯ ಹೆಸರು ಯಶೋದಮ್ಮ, ವಯಸ್ಸು ಐವತ್ತೆಂಟು, ಸುಂಕದಕಟ್ಟೆ. ಕೆಳಗಿನ ಫೋಟೊದಲ್ಲಿ ಮೂವತ್ತರ ಹುಡುಗನೊಬ್ಬ ಅರ್ಧ ಕಟ್ಟಿದ ಗೋಡೆಗೆ ಕೈ ಊರಿಕೊಂಡು ನಗುತ್ತಿದ್ದ.

“ಯಶೋದಮ್ಮನೋರು ತುಂಬಾ ಚೆನ್ನಾಗಿದಾರೆ ರಾಗಿಣಿ,” ಎಂದರು ಸಾರ್.

ನನಗೆ ನೆಲ ನೋಡುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ನನ್ನ ಕೆಲಸ ಸರಳ. ಮನೆಯಿಲ್ಲದವರಿಗೆ ಕೇಂದ್ರ ಸರ್ಕಾರ ಕೊಡುವ ಅನುದಾನ ಒಮ್ಮೆಲೇ ಬರುವುದಿಲ್ಲ. ಪಾಯ ಆದಾಗ ಒಂದು ಕಂತು, ಬಾಗಿಲು ಕಿಟಕಿಗಳ ಮೇಲಿನ ಲಿಂಟಲ್ ಆದಾಗ ಒಂದು, ಸೂರಿನ ಮೋಲ್ಡ್ ಹಾಕಿದಾಗ ಒಂದು, ಹೀಗೆ ಬರುತ್ತದೆ. ಪ್ರತಿ ಹಂತದಲ್ಲೂ ಮನೆ ಯಾರ ಹೆಸರಿನಲ್ಲಿದೆಯೋ ಅವರನ್ನೇ ಗೋಡೆಯ ಮುಂದೆ ನಿಲ್ಲಿಸಿ, ಪಾಲಿಕೆಯ ಆ್ಯಪಿನಲ್ಲಿ ಫೋಟೊ ತೆಗೆದು ಕಳಿಸಬೇಕು. ದಿಲ್ಲಿಯಿಂದ ಹೊರಟ ಹಣ ಮಾಗಡಿ ರಸ್ತೆಯ ಗಲ್ಲಿಯೊಂದಕ್ಕೆ ಬಂದು ಮುಟ್ಟುವುದು ಆ ಫೋಟೊ ಸರಿಯಿದ್ದರೆ ಮಾತ್ರ. ನಾನು ಇನ್ನೂರಕ್ಕೂ ಹೆಚ್ಚು ಮನೆಗಳ ಫೋಟೊ ತೆಗೆದವಳು. ಒಮ್ಮೆ ಹಸು ಅಡ್ಡ ಬಂದದ್ದು ಬಿಟ್ಟರೆ ಯಾವುದೂ ವಾಪಸ್ ಬಂದಿರಲಿಲ್ಲ.

ಫೋಟೊದಲ್ಲಿದ್ದವನು ರೇವಂತ್, ಯಶೋದಮ್ಮನವರ ಒಬ್ಬನೇ ಮಗ. ಸುಟ್ಟ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟುಕೊಂಡಿದ್ದಾನೆ. ಹಳೆಯ ಶೀಟಿನ ಮನೆ ಕೆಡವಿದ ಮೇಲೆ ಅಮ್ಮ ಮಗ ಪಕ್ಕದ ಖಾಲಿ ಸೈಟಿನಲ್ಲಿ ಟಾರ್ಪಾಲು ಕಟ್ಟಿಕೊಂಡು ಇದ್ದರು.

ಪಾಯದ ಫೋಟೊಗೆ ಹೋದ ದಿನವೇ ಅವನೊಂದು ವಿಚಿತ್ರ ಪ್ರಶ್ನೆ ಕೇಳಿದ್ದ. ಕುಟುಂಬದವರ ಪಟ್ಟಿಯಲ್ಲಿ ಅಮ್ಮನದೂ ತನ್ನದೂ ಹೆಸರು ನೋಡಿ, “ಮೇಡಂ, ಮುಂದೆ ಮನೆಗೆ ಬರೋರ ಹೆಸರು ಈಗಲೇ ಸೇರಿಸ್ಬೋದಾ?” ಎಂದ.

“ಮದುವೆ ಆದ್ಮೇಲೆ ಅರ್ಜಿ ಕೊಡ್ಬೇಕು,” ಎಂದೆ.

“ಹಾಗಾದ್ರೆ ಕಾಯ್ಬೇಕು,” ಎಂದು ನನ್ನ ಮುಖವನ್ನೇ ನೋಡುತ್ತಾ ಅಳತೆ ಟೇಪನ್ನು ಸುತ್ತಿದ. ಟೇಪು ಪೂರ್ತಿ ಒಳಗೆ ಹೋದರೂ ಸುತ್ತುವ ಕೈ ನಿಲ್ಲಲಿಲ್ಲ.

ಹುಡುಗಿ ಗೊತ್ತಾಗಿದ್ದಾಳೆ ಅಂದುಕೊಂಡೆ. ಆಗಲಿ, ನನಗೇನು. ಹಾಗೆ ಅಂದುಕೊಂಡೇ ಬಸ್ ಹತ್ತಿ, ಟೋಲ್‌ಗೇಟಿನಲ್ಲಿ ಇಳಿಯಬೇಕಾದವಳು ಮೆಜೆಸ್ಟಿಕ್‌ವರೆಗೂ ಹೋದೆ.

ಲಿಂಟಲ್ ಹಂತಕ್ಕೆ ಹೋದಾಗ ಗೊಂದಲ ಇನ್ನೂ ಹೆಚ್ಚಿತು. ಅಡುಗೆಮನೆಯಾಗಬೇಕಿದ್ದ ಮೂಲೆಗೆ ಕರೆದುಕೊಂಡು ಹೋಗಿ, ಒಲೆ ಇಡುವ ಕಟ್ಟೆ ಎಷ್ಟು ಎತ್ತರ ಇರಬೇಕು ಎಂದು ಕೇಳಿದ. ಅಡುಗೆ ಮಾಡುವವರನ್ನು ಕೇಳಿ ಎಂದೆ. ಸುಮ್ಮನೆ ನಿಂತು ತೋರಿಸಿ ಎಂದು ಕೇಳಿಕೊಂಡ. ನಿಂತೆ. ನನ್ನ ಮೊಣಕೈಗಿಂತ ಒಂದು ಗೇಣು ಕೆಳಗೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದ. ಎಳೆಯುವಾಗ ಉಸಿರು ಬಿಗಿಹಿಡಿದಿದ್ದ. ನಾನೂ ಅಷ್ಟೇ. ಇಷ್ಟಿದ್ದರೆ ಸಾಕು ಎಂದು ಹೇಳಿ ಹೊರಗೆ ಬಂದೆ. ಹುಡುಗಿ ನನ್ನಷ್ಟೇ ಎತ್ತರ ಇರಬೇಕು ಎಂಬ ಯೋಚನೆ ಬಂತು. ಅವಳ ಮೇಲೆ ಸಣ್ಣಗೆ ಸಿಟ್ಟೂ ಬಂತು.

ಆಗ ಯಶೋದಮ್ಮ ಮಜ್ಜಿಗೆ ತರಲು ಹೋಗಿದ್ದರು. ಅಮ್ಮ ಬರುವ ತನಕ ಫೋಟೊ ಹೇಗೆ ಬರುತ್ತದೆ ನೋಡಿಕೊಳ್ಳಿ ಎಂದು ಅವನೇ ಅವರ ಜಾಗದಲ್ಲಿ ನಿಂತ. ಬಲಕ್ಕೆ ಎಂದೆ, ಎಡಕ್ಕೆ ಹೋದ. ಗಲ್ಲ ಎತ್ತಿ ಎಂದೆ, ನಕ್ಕ. ಒತ್ತಿಬಿಟ್ಟೆ. ಆಮೇಲೆ ಯಶೋದಮ್ಮ ಬಂದು, ಸೆರಗು ಸರಿಮಾಡಿಕೊಂಡು ನಿಂತರು. ಅದನ್ನೂ ತೆಗೆದೆ. ಒಂದೇ ಫೋಟೊ ಉಳಿಸಿಕೊಳ್ಳಬಹುದು, ಇನ್ನೊಂದನ್ನು ಅಳಿಸಿ ಎಂದು ಆ್ಯಪು ಕೇಳಿತು.

ನಾನು ಯಶೋದಮ್ಮನವರನ್ನು ಅಳಿಸಿದೆ. ಯಾಕೆ ಎಂದು ಆ ಹೊತ್ತಿಗೆ ನನಗೇ ಗೊತ್ತಿರಲಿಲ್ಲ.

ಈಗ ಅದರ ಫಲ ಪರದೆಯ ಮೇಲಿತ್ತು. ಗೋಪೀನಾಥ್ ಸಾರ್ ತಮಾಷೆ ಬಿಟ್ಟು ವಿಷಯ ಹೇಳಿದರು. ಮೋಲ್ಡ್ ಹಾಕಿಸಲು ಬೇಕಾದ ಲಿಂಟಲ್ ಕಂತು ನಿಂತಿದೆ. ಮತ್ತೆ ಫೋಟೊ ತೆಗೆದು, ತಪ್ಪಾದದ್ದು ಹೇಗೆ ಎಂದು ಸಮಜಾಯಿಷಿ ಬರೆದು ಶುಕ್ರವಾರದೊಳಗೆ ಕಳಿಸಬೇಕು. ಇಲ್ಲದಿದ್ದರೆ ಕಡತ ಮುಂದಿನ ಪಟ್ಟಿಗೆ ಹೋಗುತ್ತದೆ. ಮುಂದಿನ ಪಟ್ಟಿ ಮಳೆಗಾಲ ಮುಗಿದ ಮೇಲೆ. ನನ್ನ ಕಣ್ಣ ಮುಂದೆ ಆ ಟಾರ್ಪಾಲು ಬಂತು.

ಸಂಜೆಯೇ ಸುಂಕದಕಟ್ಟೆಗೆ ಹೋದೆ. ರೇವಂತ್ ಪೈಪು ಹಿಡಿದು ಗೋಡೆಗಳಿಗೆ ನೀರು ಬಿಡುತ್ತಿದ್ದ. ನನ್ನನ್ನು ನೋಡಿ ಅವನ ಮುಖ ಅರಳಿತು. ನಾನು ಹೇಳಿ ಮುಗಿಸುವಷ್ಟರಲ್ಲಿ ಬಾಡಿತು.

ಕಂಬಿ ತರಿಸಿಯಾಗಿದೆ, ಮೋಲ್ಡಿನ ಸೆಂಟ್ರಿಂಗ್ ಹಲಗೆ ಬಾಡಿಗೆಗೆ ಬಂದು ಬಿದ್ದಿದೆ, ಅಮ್ಮನಿಗೆ ಮಂಡಿನೋವು, ಒದ್ದೆ ನೆಲದ ಮೇಲೆ ಇನ್ನೆಷ್ಟು ದಿನ ಮಲಗಿಸಲಿ ಎಂದು ದನಿ ಎತ್ತಿ ಕೂಗಾಡಿದ. ಅವನು ಹೇಳಿದ ಒಂದೊಂದು ಮಾತೂ ನಿಜ. ಕೊನೆಗೆ ಪೈಪು ಕೆಳಗೆ ಹಾಕಿ ಕೇಳಿದ: “ಅಮ್ಮನ ಫೋಟೊ ಅಳಿಸಿ ನಂದು ಯಾಕೆ ಇಟ್ರಿ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ?”

“ಗೊತ್ತಾಗ್ತಿಲ್ಲ ಅಂತ,” ಎಂದೆ. ಫೋನ್ ತೆಗೆದು ಆ್ಯಪು ತೆರೆದೆ. “ನಿಮ್ಮನೆಗೆ ಬರೋರಿಗೂ ತಪ್ಪಾಯ್ತು ಅಂತ ಹೇಳ್ಬಿಡಿ.”

“ಯಾರಿಗೆ?” ಎಂದು ಅವನು ಬೆಪ್ಪಾಗಿ ನನ್ನನ್ನೇ ನೋಡಿದ. ನಾನು ಯಶೋದಮ್ಮನವರನ್ನು ಕರೆದು ಗೋಡೆಯ ಮುಂದೆ ನಿಲ್ಲಿಸಿದೆ. ಅವರಿಗೆ ಜಗಳ ಕೇಳಿಸಿತ್ತು. ಆದರೂ ಹಿಂದಿನ ಸಲದಂತೆಯೇ ಸೆರಗು ಸರಿಮಾಡಿಕೊಂಡು ನಿಂತರು. ಫೋಟೊ ತೆಗೆದು ಹಿಂತಿರುಗಿ ನೋಡದೆ ಬಸ್ ಸ್ಟಾಪಿಗೆ ನಡೆದೆ.

ಗುರುವಾರ ಬೆಳಗ್ಗೆ ಸಮಜಾಯಿಷಿ ಬರೆಯಲು ಕುಳಿತೆ. ಆ್ಯಪಿನ ದೋಷ ಅಂತ ಬರೆದು ಕೈ ತೊಳೆದುಕೊಳ್ಳಿ ಎಂದು ಸಾರ್ ಹೇಳಿಕೊಟ್ಟರು. ಹಾಗೆ ಬರೆದರೆ ಆ್ಯಪಿನ ತನಿಖೆ ಮುಗಿಯುವ ತನಕ ನಮ್ಮ ಆಫೀಸಿಗೆ ಸೇರಿದ ಎಲ್ಲ ಮನೆಗಳ ಕಂತೂ ನಿಲ್ಲುತ್ತದೆ. ಬಾಪೂಜಿ ನಗರದಲ್ಲಿ ಬಾಣಂತಿಯೊಬ್ಬಳು ಮೋಲ್ಡಿಗೆ ಕಾಯುತ್ತಿದ್ದದ್ದು ನನಗೆ ಗೊತ್ತಿತ್ತು. ಇದ್ದದ್ದು ಇದ್ದ ಹಾಗೆ ಬರೆದೆ.

“ಲಿಂಟಲ್ ಹಂತದಲ್ಲಿ ಎರಡು ಚಿತ್ರ ತೆಗೆದಿದ್ದೆ. ಫಲಾನುಭವಿಯ ಚಿತ್ರ ಅಳಿಸಿ ಅವರ ಮಗನ ಚಿತ್ರ ಉಳಿಸಿದವಳು ನಾನೇ. ಆ್ಯಪಿನಲ್ಲಿ ದೋಷವಿಲ್ಲ, ಕುಟುಂಬದವರ ತಪ್ಪೂ ಇಲ್ಲ. ಆ ಚಿತ್ರವನ್ನು ಅಳಿಸಲು ನನಗೆ ಮನಸ್ಸು ಬರಲಿಲ್ಲ.”

ಸಾರ್ ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು. ಕಾಗದ ವಾಪಸ್ ಕೊಡುತ್ತಾರೆ ಅಂದುಕೊಂಡೆ, ಸಹಿ ಹಾಕಿದರು. ಸೋಮವಾರದಿಂದ ನಂದಿನಿ ಲೇಔಟ್ ಕಡೆಯ ಕೆಲಸ ನೋಡಿಕೊಳ್ಳಿ, ಸುಂಕದಕಟ್ಟೆಗೆ ಸುಘೋಷ್ ಹೋಗುತ್ತಾನೆ ಎಂದರು. ಅದು ಶಿಕ್ಷೆಯೋ ಕರುಣೆಯೋ ತಿಳಿಯಲಿಲ್ಲ. ಎದ್ದು ಬರುವಾಗ ಹಿಂದಿನಿಂದ ಕೇಳಿದರು: “ಕಂತು ತಡ ಆದ್ರೆ ಸಮಜಾಯಿಷಿಯ ಒಂದು ಪ್ರತಿ ಫಲಾನುಭವಿಗೆ ಹೋಗುತ್ತೆ. ನೆನಪಿದೆ ತಾನೆ?”

ಎಷ್ಟೋ ಮನೆಗಳಿಗೆ ಅಂಥ ಪ್ರತಿಗಳನ್ನು ನಾನೇ ಲಕೋಟೆಗೆ ಹಾಕಿ ಕಳಿಸಿದ್ದೇನೆ. ಬರೆಯುವಾಗ ನೆನಪಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನೆನಪಿತ್ತೋ ಇಲ್ಲವೋ, ನನಗೂ ಸರಿಯಾಗಿ ಗೊತ್ತಿಲ್ಲ.

ಒಂದು ಮಾತ್ರ ಗೊತ್ತಿತ್ತು. ಯಶೋದಮ್ಮನವರಿಗೆ ಓದಲು ಬರುವುದಿಲ್ಲ. ಮನೆಗೆ ಬಂದ ಕಾಗದವನ್ನೆಲ್ಲ ಮಗನೇ ಓದಿ ಹೇಳುತ್ತಿದ್ದ.

ಒಂದು ವಾರ ಫೋನ್ ಕೈಯಲ್ಲೇ ಹಿಡಿದುಕೊಂಡು ತಿರುಗಿದೆ. ಎರಡನೇ ವಾರ ಬ್ಯಾಗಿನ ತಳಕ್ಕೆ ಹಾಕಿದೆ. ಓದಿ ನಕ್ಕಿರಬಹುದು. ಆ ಹುಡುಗಿಗೆ ತೋರಿಸಿರಬಹುದು. ಓದದೆಯೂ ಇರಬಹುದು. ಮೂರನೇ ವಾರ ಮೋಲ್ಡ್ ಹಂತದ ಫೋಟೊ ಆಫೀಸಿಗೆ ಬಂತು. ಸುಘೋಷ್ ತೆಗೆದದ್ದು. ಯಶೋದಮ್ಮ ನೆಟ್ಟಗೆ ನಿಂತಿದ್ದರು, ತಲೆಯ ಮೇಲೆ ಹೊಸ ಸೂರಿತ್ತು. ನನ್ನಿಂದ ನಿಂತದ್ದು ಮತ್ತೆ ಹೊರಟಿತಲ್ಲ ಎಂದು ಕಣ್ಣು ತುಂಬಿತು. ಫೋಟೊದ ಅಂಚಿನಲ್ಲಿ ನೀಲಿ ಅಂಗಿಯ ಒಂದು ತೋಳು ಮಾತ್ರ ಕಾಣುತ್ತಿತ್ತು. ಆ ತೋಳನ್ನು ಎಷ್ಟು ದೊಡ್ಡದು ಮಾಡಿ ನೋಡಿದೆ ಎಂದು ಹೇಳುವುದಿಲ್ಲ.

ಶ್ರಾವಣದಲ್ಲಿ ಯಶೋದಮ್ಮನವರ ಫೋನು ಬಂತು. ಶುಕ್ರವಾರ ಬೆಳಗ್ಗೆ ಹಾಲು ಉಕ್ಕಿಸುತ್ತೇವೆ, ಬರಲೇಬೇಕು ಎಂದರು. ಇನ್ನೇನೂ ಹೇಳಲಿಲ್ಲ. ಹೋಗಲೋ ಬೇಡವೋ ಎಂದು ಎರಡು ಸೀರೆ ತೆಗೆದಿಟ್ಟು, ಎರಡನ್ನೂ ಮಡಿಸಿಟ್ಟು, ಕೊನೆಗೆ ಮೂರನೆಯದನ್ನು ಉಟ್ಟು ಹೋದೆ.

ಬಾಗಿಲಿಗೆ ತೋರಣ ಕಟ್ಟಿತ್ತು. ಅಂಗಳದಲ್ಲಿ ಚಾಪೆ ಹಾಸುತ್ತಿದ್ದ ರೇವಂತ್ ನನ್ನನ್ನು ಕಂಡು ಅದನ್ನು ಅರ್ಧಕ್ಕೇ ಬಿಟ್ಟು ನಿಂತ. ಒಳಗಿನಿಂದ ಯಶೋದಮ್ಮ ಕರೆದರು. ಅಡುಗೆಮನೆಯಲ್ಲಿ ಅವರು ಮರದ ಮಣೆಯೊಂದರ ಮೇಲೆ ಹತ್ತಿ ನಿಂತು ಒಲೆಯ ಮೇಲೆ ಹಾಲಿನ ಪಾತ್ರೆ ಇಡುತ್ತಿದ್ದರು.

“ನೋಡಮ್ಮ, ಕಟ್ಟೆ ನಂಗೆ ಎಟುಕೋದೇ ಇಲ್ಲ,” ಎಂದರು. “ತಗ್ಗಿಸೋ ಅಂದ್ರೆ ಅಳತೆ ಕೊಟ್ಟೋರು ಬಂದು ಹೇಳ್ಲಿ ಅಂತಾನೆ. ಅದ್ಕೇ ಕರೆದೆ.”

ರೇವಂತ್ ಬಾಗಿಲಲ್ಲಿ ಬಂದು ನಿಂತಿದ್ದ. ಕಿವಿ ಕೆಂಪಾಗಿತ್ತು. ಪಾಯದ ದಿನದ ಆ ಪ್ರಶ್ನೆ, ಸುತ್ತಿ ಮುಗಿದ ಮೇಲೂ ಸುತ್ತುತ್ತಿದ್ದ ಕೈ, ಗೋಡೆಯ ಮೇಲಿನ ಗೆರೆ, ಒಂದೊಂದಾಗಿ ಜಾಗಕ್ಕೆ ಬಂದು ಕೂತವು.

“ಕಾಗದ ಬಂತಾ?” ಎಂದೆ.

“ಬಂತು. ಅಮ್ಮಂಗೆ ಓದಿ ಹೇಳ್ತಾ ಇದ್ದೋನು ಕೊನೆ ಸಾಲಲ್ಲಿ ನಿಲ್ಲಿಸ್ಬಿಟ್ಟೆ. ಮುಂದೆ ಓದು ಅಂತ ಬೈದ್ರು.”

“ಮತ್ತೆ ಫೋನ್ ಯಾಕೆ ಮಾಡ್ಲಿಲ್ಲ?”

“ಅಷ್ಟು ಕೂಗಾಡಿದ್ದೆ. ತಲೆ ಮೇಲೆ ಸೂರಿಲ್ದೆ ಯಾವ ಮುಖ ಇಟ್ಕೊಂಡು ಕರೀಲಿ?”

ನಾನು ಕಟ್ಟೆಯ ಅಂಚಿನ ಮೇಲೆ ಬೆರಳಾಡಿಸುತ್ತಾ, ಇಷ್ಟು ದಿನ ನನ್ನ ನಿದ್ದೆ ಕೆಡಿಸಿದವಳ ಬಗ್ಗೆ ಕೇಳಿದೆ: “ಮುಂದೆ ಮನೆಗೆ ಬರೋರು ಅಂದ್ರಲ್ಲ, ಅವ್ರು?”

“ಬಂದಿದಾರೆ,” ಎಂದ. “ಇರ್ತಾರೋ ಇಲ್ವೋ ಕೇಳ್ಬೇಕು. ಹೆಸರು ಸೇರಿಸ್ಬೋದಾ ಮೇಡಂ?”

“ಮದುವೆ ಆದ್ಮೇಲೆ ಅರ್ಜಿ ಕೊಡ್ಬೇಕು. ಅವತ್ತೇ ಹೇಳಿದ್ನಲ್ಲ.”

“ಫೋಟೊ ಬೇಕಾಗುತ್ತಾ?”

“ಬೇಕು,” ಎಂದೆ. “ಅದ್ರಲ್ಲಿ ಇಬ್ರೂ ಇರ್ಬೇಕು.”

ಯಶೋದಮ್ಮ ಕೇಳಿಸದವರಂತೆ ಹಾಲು ನೋಡುತ್ತಿದ್ದರು. ಆಮೇಲೆ ಸೊಂಟ ಹಿಡಿದುಕೊಂಡು ಮೆಲ್ಲಗೆ ಕೆಳಗಿಳಿದು, ಮಣೆಯನ್ನು ಕಾಲಿನಿಂದ ಕಟ್ಟೆಯ ಅಡಿಗೆ ತಳ್ಳಿದರು. ಇನ್ನೇನು ಉಕ್ಕುತ್ತೆ, ನೀನೇ ನೋಡ್ಕೊ ಎಂದು ಸೌಟನ್ನು ನನ್ನ ಕೈಗೆ ಕೊಟ್ಟರು.

ನಾನು ಒಲೆಯ ಮುಂದೆ ಹೋಗಿ ನಿಂತೆ. ಮಣೆ ಬೇಕಾಗಲಿಲ್ಲ.