ಇನ್ನೂರ ಎಂಬತ್ತೇಳು ಮೀಟರ್

ಹದಿನಾರನೆಯ ವಯಸ್ಸಿನಲ್ಲಿ ಮೊದಲ ಕಾಡುಮೇಕೆ ಹೊಡೆದ ದಿನ ಕಾಸ್ಪರ್ ಎಗ್ಗರ್ ತನ್ನ ತಾತನಿಗೆ ಒಂದು ಮಾತು ಕೊಟ್ಟಿದ್ದ. ತಾತ ಪೈನ್ ಕಡ್ಡಿಯೊಂದನ್ನು ಮುರಿದು, ಮೇಕೆಯ ನೆತ್ತರಲ್ಲಿ ಅದ್ದಿ, ಮೊಮ್ಮಗನ ಟೊಪ್ಪಿಗೆಗೆ ಸಿಕ್ಕಿಸುವ ಮುಂಚೆ ಕೇಳಿದ್ದ.

"ದೂರ ಎಷ್ಟು ಅಂತ ಗೊತ್ತಿಲ್ದೆ ಯಾವತ್ತಾದ್ರೂ ಬಂದೂಕಿನ ಕುದುರೆ ಎಳೀತೀಯಾ?"

"ಇಲ್ಲ ತಾತ."

ಕಾರ್‌ಬಾಖ್ ಕಣಿವೆಯಲ್ಲಿ ಬಂದೂಕು ಹಿಡಿಯುವವರೆಲ್ಲ ಈ ಮಾತು ಕೊಟ್ಟೇ ಶುರುಮಾಡುತ್ತಾರೆ. ಉಳಿಸಿಕೊಳ್ಳುವವರು ಕಡಿಮೆ.

ಅಕ್ಟೋಬರ್ 14ರ ಬೆಳಿಗ್ಗೆ ಎಂಟೂವರೆಗೆ ಠಾಣೆಯ ಫೋನ್ ಹೊಡೆದುಕೊಂಡಿತು. ಮಾತಾಡಿದವಳು ಮ್ಯಾಗ್ಡಾ ಪಿರ್ಖರ್. ದೂರ ಅಳೆಯುವ ದುರ್ಬೀನುಗಳನ್ನು ಬೆಟ್ಟದಲ್ಲಿ ಪರೀಕ್ಷಿಸಿ ಬೇಟೆ ಪತ್ರಿಕೆಗೆ ಬರೆಯುವುದು ಅವಳ ಕೆಲಸ. ಒಂದು ವಾರದಿಂದ ಮೇಲಿನ ಗುಡಿಸಲಿನಲ್ಲಿ ಬಿಡಾರ ಹೂಡಿದ್ದಳು. ದಾರಿ ತೋರಿಸಲು ಆ ಕಾಡಿನ ಬೇಟೆಗಾರ ಕಾಸ್ಪರ್‌ನನ್ನು ಇಟ್ಟುಕೊಂಡಿದ್ದಳು.

"ಕಾಸ್ಪರ್ ಒಬ್ಬನೇ ಮೇಲೆ ಹೋಗಿದ್ದ. ಈಗ ಬಂದು, ಮನುಷ್ಯನಿಗೆ ಗುಂಡು ಬಿತ್ತು ಅಂತಿದಾನೆ. ಕುರಿ ಇಳಿಸೋಕೆ ಹೋಗಿದ್ದ ರೂಪರ್ಟ್ ಪ್ಲಾಂಕ್. ಸತ್ತಿದಾನೆ."

ಇನ್‌ಸ್ಪೆಕ್ಟರ್ ಮೊಯ್ಗ್ ಫೋನಿಟ್ಟು ಕಪಾಟಿನಿಂದ ಒಂದು ಹಳೆಯ ಕಡತ ತೆಗೆದರು. ಎರಡು ವರ್ಷದ ಹಿಂದೆ ಕಾಸ್ಪರ್‌ನ ತಮ್ಮ ಫ್ಲೋರಿ ಸತ್ತದ್ದು ಇದೇ ರೂಪರ್ಟ್‌ನ ಗುಂಡಿಗೆ. ಅಂದೂ ಇವತ್ತಿನಂತೆಯೇ ಮಂಜು. ರೂಪರ್ಟ್ ದಂಡ ಕಟ್ಟಿದ. ವರ್ಷ ಕಳೆಯುವಷ್ಟರಲ್ಲಿ ಪರವಾನಗಿಯೂ ವಾಪಸ್ ಬಂತು. 'ನಿರ್ಲಕ್ಷ್ಯದಿಂದ ಸಾವು' ಎಂದು ಆ ಎಫ್‌ಐಆರ್ ಬರೆದವರು ಮೊಯ್ಗ್ ಅವರೇ.

ಅವರು ಕಾನ್‌ಸ್ಟೆಬಲ್ ಬುರ್ಗಿಯನ್ನು ಕರೆದುಕೊಂಡು ಬೆಟ್ಟ ಹತ್ತಿದಾಗ ಕಣಿವೆ ಹಾಲು ಸುರಿದಂತೆ ಬೆಳ್ಳಗಿತ್ತು. ರೂಪರ್ಟ್ ಕೊರಕಲಿನಾಚೆಯ ಕುರಿ ದಾರಿಯಲ್ಲಿ ಬಿದ್ದಿದ್ದ. ಕಂದು ಕೋಟು, ಎದೆಯಲ್ಲಿ ಒಂದೇ ಗಾಯ. ಪಂಚನಾಮೆ ಮುಗಿಸಿ ಶವವನ್ನು ಕೆಳಗೆ ಕಳಿಸಿದರು. ಕಾಸ್ಪರ್ ಗುಂಡು ಹಾರಿಸಿದ ಬಂಡೆಗೆ ಬುರ್ಗಿ ಸುಣ್ಣದ ಗುರುತು ಹಾಕಿದಳು.

ಗುಡಿಸಲಿನ ಬೆಂಚಿನ ಮೇಲೆ ಕಾಸ್ಪರ್ ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಬೆಟ್ಟದವರ ಮಾತಿನಲ್ಲಿ ಎಲ್ಲರಿಗೂ ಏಕವಚನವೇ, ಪೊಲೀಸರಿಗೂ.

"ಹೇಳು," ಎಂದರು ಮೊಯ್ಗ್.

"ಬೆಳಗಾದಾಗಿನಿಂದ ಮಂಜು. ಆಚೆ ಕಂದು ಬಣ್ಣದ್ದೇನೋ ಅಲ್ಲಾಡ್ತು. ಮೇಕೆ ಅಂದ್ಕೊಂಡೆ."

"ದೂರ?"

"ಇನ್ನೂರ ಎಂಬತ್ತೇಳು ಮೀಟರ್."

"ಅಂದಾಜಾ?"

ಕಾಸ್ಪರ್ ಮೊದಲ ಸಲ ತಲೆಯೆತ್ತಿದ. "ಅಂದಾಜು ಅನ್ನೋದು ನಮ್ಮನೇಲಿ ಬೈಗುಳ, ಮೊಯ್ಗ್. ಈಯಮ್ಮನ ದುರ್ಬೀನಿನ ಗುಂಡಿ ಒತ್ತಿದೆ. ಅಂಕಿ ಬಂತು. ಹೊಡೆದೆ."

"ಅಳೆದ ತಕ್ಷಣ?"

"ತಕ್ಷಣ."

ಹೇಳಿಕೆಗೆ ಸಹಿ ಬಿತ್ತು. ಹೊರಗೆ ಬಂದ ಮೇಲೆ ಬುರ್ಗಿ ಮೆಲ್ಲಗೆ ಹೇಳಿದಳು: "ಅವತ್ತು ಮಂಜನ್ನ ನಂಬಿದ್ವಿ ಸಾರ್. ಇವತ್ತು ನಂಬಲ್ಲ ಅಂತ ಹೇಗೆ ಹೇಳೋದು?"

ಮೊಯ್ಗ್ ದುರ್ಬೀನನ್ನು ಚೀಲಕ್ಕೆ ಹಾಕಿ ಅರಗು ಒತ್ತುವಾಗ ಮ್ಯಾಗ್ಡಾ ಗೊಣಗಿದಳು: "ಒಂದು ವಾರ ಬರೀ ಬಿಸಿಲು. ಮಂಜಿಗೋಸ್ಕರ ಕಾಯ್ತಿದ್ದೆ. ಮಂಜು ಬಂತು, ದುರ್ಬೀನು ಪೊಲೀಸರ ಪಾಲಾಯ್ತು."

"ಮಂಜು ಯಾಕೆ ಬೇಕಿತ್ತು?"

"ಮಂಜಲ್ಲೇ ಇವು ಪೆದ್ದಾಗೋದು. ದೂರ ಅಳೆಯೋಕೆ ಬಿಟ್ಟ ಬೆಳಕು ಮಂಜಿಗೇ ಬಡಿದು ವಾಪಸ್ ಬರುತ್ತೆ. ಮೇಕೆ ಎಲ್ಲಿದೆ ಅಂತ ಹೇಳಲ್ಲ, ಮಂಜು ಎಲ್ಲಿದೆ ಅಂತ ಹೇಳುತ್ತೆ. ಎಷ್ಟು ಪೆದ್ದು ಅಂತ ನೋಡಿ ಬರೆಯೋದೇ ನನ್ನ ಕೆಲಸ."

ಮೊಯ್ಗ್ ಕೈಯಲ್ಲಿದ್ದ ಅರಗು ಆರಿಹೋಯಿತು.

"ಇದನ್ನ ಕಾಸ್ಪರ್‌ಗೆ ಹೇಳಿದ್ಯಾ?"

"ಬಿಸಿಲಲ್ಲಿ ಕೂತು ಮಂಜಿನ ಮಾತು ಯಾರು ಆಡ್ತಾರೆ?"

ಮರುದಿನ ಬೆಳಿಗ್ಗೆಯೂ ಮಂಜು ಇಳಿದಿತ್ತು. ಇಬ್ಬರು ಪಂಚರ ಎದುರಿನಲ್ಲಿ ಅರಗು ಒಡೆದು, ಮೊಯ್ಗ್ ಸುಣ್ಣದ ಗುರುತಿನ ಬಂಡೆಯ ಮೇಲೆ ಕುಳಿತರು. ಕಂದು ಕೋಟು ಹಾಕಿಕೊಂಡ ಬುರ್ಗಿ ಕೊರಕಲಿನಾಚೆ ಹೋಗಿ ನಿಂತಳು. ಮೊಯ್ಗ್ ಗುಂಡಿ ಒತ್ತಿದರು. ಹದಿನೆಂಟು ಮೀಟರ್. ಮತ್ತೆ ಒತ್ತಿದರು. ಇಪ್ಪತ್ತೊಂದು. ದಿಕ್ಕು ಚೂರು ಬದಲಿಸಿದರು. ಹತ್ತೊಂಬತ್ತು. ಮ್ಯಾಗ್ಡಾ ಪಕ್ಕದಲ್ಲಿ ನಿಂತು ತಲೆಯಾಡಿಸಿದಳು. ಕಾದರು. ಕೈ ಮರಗಟ್ಟಿತು.

ಹನ್ನೊಂದರ ಸುಮಾರಿಗೆ ಗಾಳಿ ತಿರುಗಿ ಮಂಜು ಎರಡಾಗಿ ಸೀಳಿತು. ಆಚೆ ದಾರಿ, ದಾರಿಯ ಮೇಲೆ ಬುರ್ಗಿ. ಗುಂಡಿ ಒತ್ತಿದರು.

ಇನ್ನೂರ ಎಂಬತ್ತೇಳು.

ಮೊಯ್ಗ್ ಅದನ್ನು ಗಟ್ಟಿಯಾಗಿ ಓದಿ, ಪಂಚರಿಗೂ ನೋಡಲು ಕೊಟ್ಟು, ದುರ್ಬೀನನ್ನು ಮತ್ತೆ ಕಣ್ಣಿಗೆ ಹಿಡಿದು ವಯರ್‌ಲೆಸ್ ಎತ್ತಿಕೊಂಡರು. "ಬುರ್ಗಿ, ಡ್ಯೂಟಿ ಮೇಲೆ ಬ್ರೆಡ್ ತಿಂತಿದೀಯಾ?"

"ಇಲ್ಲ ಸಾರ್."

"ಮಧ್ಯೆ ಹಂದಿ ಮಾಂಸ. ಉಪ್ಪಿನಲ್ಲಿ ಹಾಕಿದ ಸೌತೆಕಾಯಿ. ಗಲ್ಲ ಒರೆಸ್ಕೋ."

ಆಚೆ ಬುರ್ಗಿ ತೋಳಿನಿಂದ ಗಲ್ಲ ಒರೆಸಿಕೊಂಡಳು. ಪಂಚನೊಬ್ಬ ನಕ್ಕ. ಮೊಯ್ಗ್ ನಗಲಿಲ್ಲ. ಅಂಕಿ ಕಾಣುವಾಗ ಮುಖವೂ ಕಾಣುತ್ತದೆ.

ಮಧ್ಯಾಹ್ನ ಠಾಣೆಯಲ್ಲಿ ಕಾಸ್ಪರ್‌ನ ಮುಂದೆ ಎರಡನೆಯ ಪಂಚನಾಮೆ ಇಟ್ಟರು. ಅವನು ನಿಧಾನವಾಗಿ ಓದಿದ.

"ಮಂಜಿದ್ರೆ ಅಂಕಿ ಬರಲ್ಲ," ಎಂದರು ಮೊಯ್ಗ್. "ಅಂಕಿ ಬಂದಿದ್ರೆ ಮಂಜಿರಲಿಲ್ಲ. ನಿನ್ನ ಹೇಳಿಕೇಲಿ ಎರಡೂ ಇದೆ. ಯಾವುದು ಸುಳ್ಳು?"

ಕಾಸ್ಪರ್ ಹಾಳೆಯನ್ನು ಮೇಜಿನ ಮೇಲೆ ವಾಪಸ್ ಇಟ್ಟ.

"ನೀನು ವಾರವೆಲ್ಲ ಅದೇ ಬಂಡೆ ಮೇಲೆ ಕೂತಿದ್ದೆ. ಬಿಸಿಲಲ್ಲಿ ಯಾವತ್ತೋ ಆ ದಾರಿ ಅಳೆದಿದ್ದೆ, ಅಂಕಿ ನೆನಪಿತ್ತು, ನಿನ್ನೆ ಗುಂಡಿ ಒತ್ತಲೇ ಇಲ್ಲ, ಮಂಜಲ್ಲಿ ಅಂದಾಜಿಗೆ ಹೊಡೆದೆ. ನಿನ್ನ ವಕೀಲ ಇದನ್ನೇ ಹೇಳ್ತಾನೆ. ಹಾಗಾದ್ರೆ ದಂಡದಲ್ಲಿ ಮುಗೀಬಹುದು. ಹಾಗೆ ಬರೀಲಾ?"

ಟೈಪ್ ಮಾಡುತ್ತಿದ್ದ ಬುರ್ಗಿಯ ಕೈ ನಿಂತಿತು. ಅವಳು ಇನ್‌ಸ್ಪೆಕ್ಟರ್ ಮುಖ ನೋಡಿದಳು. ಅವರು ಕಾಸ್ಪರ್‌ನನ್ನೇ ನೋಡುತ್ತಿದ್ದರು.

ಕಾಸ್ಪರ್ ಟೊಪ್ಪಿಗೆಯ ಅಂಚನ್ನು ಒಂದು ಸುತ್ತು ಬೆರಳಿನಿಂದ ಸವರಿದ. "ಕೋರ್ಟಲ್ಲಿ ರೂಪರ್ಟ್ ಹೇಳಿದ್ದು ನೆನಪಿದೆಯಾ ನಿಂಗೆ? ಮಂಜಿತ್ತು, ಅಂದಾಜಿಗೆ ಹೊಡ್ದೆ ಅಂದ. ಹೊರಗೆ ಬಂದು ನನ್ನ ಕೈಯನ್ನೂ ಕುಲುಕ್ದ. ಅಂದಾಜಿಗೆ. ನನ್ನ ತಮ್ಮ ಅಂದಾಜಿಗೆ ಸತ್ತ."

"ಹಾಗೆ ಬರೀಲಾ ಅಂತ ಕೇಳಿದೆ."

"ಬೇಡ. ಅಳೆದೆ. ಆಮೇಲೆ ಮುಖ ನೋಡ್ದೆ. ಶಿಳ್ಳೆ ಹಾಕ್ಕೊಂಡು ಕುರಿ ಕರೀತಿದ್ದ. ಮಂಜು ಬಂದಿದ್ದು ಆಮೇಲೆ."

ಮೊಯ್ಗ್ ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಂಡರು. ಅವರ ಬಾಯಲ್ಲಿ ಬಹುವಚನ ಬಂತು. "ಕಾಸ್ಪರ್ ಎಗ್ಗರ್, ರೂಪರ್ಟ್ ಪ್ಲಾಂಕ್ ಅವರ ಕೊಲೆ ಆರೋಪದ ಮೇಲೆ ನಿಮ್ಮನ್ನ ಬಂಧಿಸ್ತಿದೀನಿ."

ಬುರ್ಗಿ ರೂಪರ್ಟ್‌ನ ಸಾವಿನ ಎಫ್‌ಐಆರ್‌ನಲ್ಲಿ 'ನಿರ್ಲಕ್ಷ್ಯ' ಎಂಬ ಪದ ಹೊಡೆದುಹಾಕಿ ಪಕ್ಕದಲ್ಲಿ ಮೊಯ್ಗ್ ಅವರ ಕಿರುಸಹಿ ಹಾಕಿಸಿದಳು. ಫ್ಲೋರಿಯ ಕಡತದಲ್ಲಿ ಆ ಪದ ಹಾಗೆಯೇ ಉಳಿಯಿತು.

ತಾತನಿಗೆ ಕೊಟ್ಟ ಮಾತನ್ನು ಕಾಸ್ಪರ್ ಎಗ್ಗರ್ ಉಳಿಸಿಕೊಂಡಿದ್ದ.