ಆಡುಬಂಡೆ

"ಈ ಬಂಡೆ ತಾವ ಯಾರೂ ಆಡು ಕೂಗಕಿಲ್ಲ ಸಾ. ಅದ್ರಲ್ಲೂ ನನ್ನ ದನೀಲಿ ಕೂಗ್ಬ್ಯಾಡಿ," ಎಂದಳು ಆಡು ಕಾಯುವ ಅಜ್ಜಿ ಬೆಟ್ಟಮ್ಮ.

"ಕೂಗ್ಬ್ಯಾಡಿ ಸಾ," ಎಂದ ಚಂದ್ರಶೇಖರಯ್ಯ, ಅವಳದೇ ಮೂಗುದನಿಯಲ್ಲಿ, ಇಲ್ಲದ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ. ಜೀಪಿನ ಡ್ರೈವರ್ ಕೃಷ್ಣಪ್ಪ ಸ್ಟಿಯರಿಂಗಿಗೆ ಹಣೆಯೊತ್ತಿ ನಕ್ಕ. ಮೈಸೂರಿನಲ್ಲಿ ಕಾಲೇಜು ಹುಡುಗರಿಗೆ ಕಲ್ಲಿನ ಪಾಠ ಹೇಳುತ್ತಿದ್ದ ಈ ಮೇಷ್ಟ್ರು ಪ್ರಿನ್ಸಿಪಾಲರಿಂದ ಪ್ಯೂನಿನವರೆಗೆ ಎಲ್ಲರ ದನಿಯನ್ನೂ ಕದ್ದವನು. ಯಾರಿಗೂ ವಾಪಸು ಕೊಟ್ಟವನಲ್ಲ.

ಹಳ್ಳಿಮೈಸೂರಿನಾಚೆಯ ಆ ಹಾಳು ಕಲ್ಲುಗಣಿಯಲ್ಲಿ ಕಂಡದ್ದು ಮಾತ್ರ ನಗುವಂಥದ್ದಲ್ಲ. ಕಪ್ಪು ಬಂಡೆಯೊಳಗೆ ಆಡುಗಳ ಹಿಂಡೇ ಹುದುಗಿತ್ತು: ಪಕ್ಕೆಲುಬು, ಕೊಂಬಿನ ತಿರುವು, ಹಲ್ಲಿನ ಸಾಲು. ಭೂಮಿಯ ಮೇಲೆ ಹುಳುವೂ ಹುಟ್ಟುವ ಮುಂಚಿನ ಕಲ್ಲು ಅದು. ಅದರಲ್ಲಿ ಮೂಳೆ ಇರುವಂತೆಯೇ ಇಲ್ಲ. ಒಂದು ತುಂಡು ಕಿತ್ತು ಒಯ್ದರೆ ಲೋಕದ ಪುಸ್ತಕಗಳಲ್ಲೆಲ್ಲ ಅವನ ಹೆಸರು.

ಬೆಟ್ಟಮ್ಮ ಹೇಳಿದ್ದು ಬೇರೆ. ಅವಳ ಅತ್ತೆಯ ಅತ್ತೆ ಮಾರಮ್ಮನ ಕೂಗನ್ನು ಒಬ್ಬ ಕಳ್ಳ ಕಲಿತು, ಅವಳ ಹಿಂಡನ್ನು ಈ ಹಳ್ಳಕ್ಕೆ ಕರೆದು ಕಡಿದು ಪರಾರಿಯಾದನಂತೆ. ಮಾರಮ್ಮ ಆ ನೆತ್ತರಿಗೆ ಅರಿಶಿನ ಕಲಸಿ ಬಂಡೆಗೆ ಬಳಿದು, ತನ್ನ ಕೂಗು ಕದ್ದವನು ಬರುವವರೆಗೂ ಕಾಯಿರಿ ಎಂದು ಸತ್ತ ಆಡುಗಳನ್ನು ಕಲ್ಲಿಗೆ ಕಟ್ಟಿದಳಂತೆ. ಬೆಟ್ಟಮ್ಮನಿಗೆ ಬಂದದ್ದೂ ಅದೇ ಕೂಗು. ಅಂದಿನಿಂದ ಆ ಮನೆಯವರು ಇಲ್ಲಿ ನಾಲಿಗೆ ಲೊಚಗುಟ್ಟಿಸಿಯೇ ಆಡು ಹೊಡೆಯುತ್ತಾರೆ.

ಬೆಟ್ಟಮ್ಮ ಬಂಡೆ ಬಿಟ್ಟು ಏಳಲಿಲ್ಲ. ಹೊತ್ತು ಇಳಿಯುತ್ತಿತ್ತು. ಆಡುಗಳು ದೂರ ಹೋದರೆ ಅವಳೂ ಏಳುತ್ತಾಳೆಂದು ಚಂದ್ರಶೇಖರಯ್ಯ ಗುಡ್ಡದ ಮರೆಗೆ ಸರಿದು, ಬೆಳಿಗ್ಗೆ ಹೊಲದಲ್ಲಿ ಕೇಳಿದ್ದ ಅವಳ ಕೂಗನ್ನು ಹಾಗೇ ಎತ್ತಿದ.

"ಹುರ್ರೋ ಬಾ... ಬಾ ಬಾ."

ಅವಳ ಆಡುಗಳು ಅವನತ್ತ ಬರಲಿಲ್ಲ. ಬಂಡೆಯತ್ತ ನೋಡಿದವು. ಕಿವಿ ನಿಗುರಿಸಿ, ಅರಚಿ, ದಿಕ್ಕಾಪಾಲಾಗಿ ಓಡಿದವು. ಬೆಟ್ಟಮ್ಮ ಅವುಗಳ ಹಿಂದೆ ಓಡಿದಳು. ಹೇಗೋ ಪೀಡೆ ತೊಲಗಿತೆಂದು ಅವನು ಗಣಿಗಿಳಿದು ಉಳಿ ಊರಿದ.

ಮೊದಲ ಏಟಿಗೆ ಹೋತದ ಗಬ್ಬು ಮೂಗಿಗೆ ಬಡಿಯಿತು. ಇನ್ನೊಂದಕ್ಕೆ ಕಲ್ಲು ಬೆಚ್ಚಗಾಯಿತು, ಹಿಂಡುವಾಗಿನ ಕೆಚ್ಚಲಿನ ಹಾಗೆ. ಒಳಗೆಲ್ಲೋ ಗೊರಸಿನ ಸದ್ದು. ಒಂದಲ್ಲ. ಹಲವು. ಹಲ್ಲಿನ ಸಾಲು ಮೊದಲಿದ್ದ ಕಡೆ ಇರಲಿಲ್ಲ. ಪ್ಯಾಂಟಿನ ಅಂಚು ಕಚ್ಚಿಕೊಂಡಿತ್ತು. ಎಳೆದ. ಬರಲಿಲ್ಲ. ಬಗ್ಗಿ ನೋಡಿದ. ಪಾದ ಕಲ್ಲಿನೊಳಗಿತ್ತು.

ಕೃಷ್ಣಪ್ಪನ ಹೆಸರು ಹಿಡಿದು ಕಿರುಚಿದ. ಬಾಯಿಂದ ಬಂದದ್ದು, "ಹುರ್ರೋ ಬಾ... ಬಾ ಬಾ."

ಕರೆದಷ್ಟೂ ಕಲ್ಲೊಳಗಿನ ಆಡುಗಳು ಬಂದವು. ಮೊಣಕಾಲು. ತೊಡೆ. ಸೊಂಟ.

ಗಣಿಯಂಚಿನಲ್ಲಿ ಬೆಟ್ಟಮ್ಮ ನಿಂತಿದ್ದಳು. ಸೀರೆ ಒದ್ದೆ, ತೋಳಿನಲ್ಲಿ ಕತ್ತು ಜೋತ ಆಡು. ಅವನು ಕೈ ಮುಗಿದ.

"ಗಬ್ಬದ ಆಡು," ಎಂದಳು. "ನಿನ್ನ ಕೂಗಿಗೆ ಬೆದರಿ ಬಾವಿಗೆ ಬಿತ್ತು. ನಾನೊಂದ್ ಸಲ ಕೂಗುದ್ರೆ ಅವು ನಿನ್ನ ಬುಟ್ಬುಡ್ತವೆ ಕಣಪ್ಪ." ಆಡಿನ ತೆರೆದ ಕಣ್ಣನ್ನು ಹೆಬ್ಬೆರಳಿನಿಂದ ಮುಚ್ಚಿದಳು. "ಆದ್ರೆ ಇಲ್ಲಿ ಕೂಗೋ ಪದ್ದತಿ ನಮ್ಮನೇಲಿಲ್ಲ."

ನಾಲಿಗೆ ಲೊಚಗುಟ್ಟಿಸಿ, ಉಳಿದ ಆಡುಗಳನ್ನು ಹೊಡೆದುಕೊಂಡು ಊರಿನ ಕಡೆ ಹೋದಳು.

ಅವನು ಕೂಗಿದ. ಕೂಗಿದ. ಕಲ್ಲು ಎದೆ ದಾಟಿ ಕುತ್ತಿಗೆಗೆ ಏರಿತು.

ಮೇಲೆ ರಸ್ತೆಯಲ್ಲಿ ಚಪ್ಪಾಳೆ. ಜೀಪಿಗೆ ಒರಗಿ ಬೀಡಿ ಸೇದುತ್ತಿದ್ದ ಕೃಷ್ಣಪ್ಪ ನಗು ತಡೆಯಲಾರದೆ ಕೆಮ್ಮುತ್ತಿದ್ದ.

"ಅಜ್ಜಿ ಓಯ್ತು ಸಾ. ಅಚ್ಚು ಅವಳ್ದೇ ದನಿ. ಇನ್ನೊಂದ್ ಸಲ ಮಾಡಿ ಸಾ."

ಚಂದ್ರಶೇಖರಯ್ಯ ಮಾಡಿದ.